ಇಳಿಸಿದ ಮುಚ್ಚಳ

"ಗಾಳಿಯಕ್ಕ ಇದ್ದಿದ್ದರೆ ಮುಚ್ಚಳದ ಹತ್ತಿರ ಹೀಗಾಗೋಕೆ ಬಿಡ್ತಿರಲಿಲ್ಲ," ಎಂದ ಮೋಡಪ್ಪ, ಕಂಪ್ಯೂಟರ್ ಪರದೆಯನ್ನು ನೋಡುತ್ತ, ತನಗೆ ತಾನೇ ಹೇಳಿಕೊಂಡ ಹಾಗೆ.

ಸತ್ತವಳ ಸ್ವೆಟರನ್ನು ಮಡಚಿ ರಟ್ಟಿನ ಪೆಟ್ಟಿಗೆಗೆ ಹಾಕುತ್ತಿದ್ದ ಇನ್ಸ್‌ಪೆಕ್ಟರಮ್ಮನ ಕೈ ನಿಂತಿತು.

"ಯಾವ ಮುಚ್ಚಳ?"

"ಆಕಾಶದ್ದು ಮೇಡಂ. ಇನ್ಯಾವುದು?"

ಅವಳು ಸ್ವೆಟರನ್ನು ಪೆಟ್ಟಿಗೆಯೊಳಗೂ ಇಡಲಿಲ್ಲ, ಹೊರಗೂ ಇಡಲಿಲ್ಲ. ಮಡಿಲಲ್ಲಿ ಹಾಕಿಕೊಂಡು ಗಾಳಿಯಕ್ಕನ ಕುರ್ಚಿಯಲ್ಲೇ ಕುಳಿತಳು. ಬೆಳಗಿನಿಂದ ಮಂಡಿ ಹಿಡಿದುಕೊಂಡಿತ್ತು. ಕೂರಲು ನೆಪ ಹುಡುಕುತ್ತಿದ್ದಾಳೆ ಎಂದು ಮೋಡಪ್ಪ ತಿಳಿದುಕೊಂಡರೆ ತಿಳಿದುಕೊಳ್ಳಲಿ.

ಮುಗಿದುಹೋದ ಕೇಸಿನ ಕೊನೆಯ ಚಿಲ್ಲರೆ ಕೆಲಸಕ್ಕೆಂದು ಬಂದವಳು ಅವಳು. ಹವಾಮಾನದ ಲೆಕ್ಕ ಹಾಕುವ ಈ ಕಚೇರಿಯ ವಿಜ್ಞಾನಿ ಗಾಳಿಯಕ್ಕ, ತನ್ನದೇ ಮನೆಯ ತಾರಸಿಯ ನೀರಿನ ತೊಟ್ಟಿಯಲ್ಲಿ ಹೆಣವಾಗಿ ಸಿಕ್ಕಿದ್ದಳು. ತೊಟ್ಟಿಯ ಕಬ್ಬಿಣದ ಮುಚ್ಚಳ ಮೇಲಿನಿಂದ ಹಾಕಿತ್ತು. ಫೋಟೋಗಳಿಗೆ ಕಟ್ಟು ಹಾಕುವ ಅವಳ ಗಂಡ ಈಗ ಠಾಣೆಯಲ್ಲಿದ್ದ. ನಾಳೆ ಅವನನ್ನು ಕೊಲೆಗಾರನೆಂದು ಕೋರ್ಟಿನ ಮುಂದೆ ನಿಲ್ಲಿಸಬೇಕು. ನಿಲ್ಲಿಸಿದ ಮೇಲೆ ಅವನು ವರ್ಷಗಟ್ಟಲೆ ಹೊರಗೆ ಬರುವ ಮಾತಿಲ್ಲ.

ಅವನನ್ನು ಅಲ್ಲಿ ಕೂರಿಸಿದ್ದು ಒಂದೇ ಒಂದು ಮಾತು. ಸತ್ತ ದಿನ ಬೆಳಿಗ್ಗೆ ಗಾಳಿಯಕ್ಕ ತನ್ನ ತಂಗಿಯ ಫೋನಿಗೆ ದನಿಯಲ್ಲೇ ಸುದ್ದಿ ಕಳಿಸಿದ್ದಳು. "ಅವನು ಮುಚ್ಚಳ ಇಳಿಸಿಬಿಟ್ಟಿದ್ದಾನೆ ಕಣೇ. ನಂಗೊಂದು ಮಾತು ಹೇಳ್ದೆ. ಇವತ್ತು ಮುಖಕ್ಕೇ ಕೇಳ್ತೀನಿ."

ಹಲ್ಲಿನ ಡಾಕ್ಟರ ಬಳಿ ಕೆಲಸಕ್ಕಿದ್ದ ತಂಗಿ ತಾನಾಗಿಯೇ ಠಾಣೆಗೆ ಬಂದು, ಸೆರಗಿನಲ್ಲಿ ಮೂಗು ಒರೆಸಿಕೊಳ್ಳುತ್ತ ಅದನ್ನು ಕೇಳಿಸಿದ್ದಳು. ಯಾವ ಮುಚ್ಚಳ ಎಂದದ್ದಕ್ಕೆ, "ತೊಟ್ಟಿದೇ ಇರಬೇಕು ಮೇಡಂ. ಅದಕ್ಕೇ ತಾನೆ ಅಕ್ಕನಿಗೂ ಭಾವನಿಗೂ ದಿನಾ ಜಗಳ," ಎಂದಿದ್ದಳು. ಅದೇನೂ ಸುಳ್ಳಲ್ಲ. ಸೊಳ್ಳೆ ಬರುತ್ತದೆ, ಮುಚ್ಚಿಡಿ ಎಂದು ಅವಳು. ಬಿಸಿಲು ಬೀಳಲಿ, ತೆಗೆದಿಡು ಎಂದು ಅವನು. ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಅನ್ನುತ್ತಾರೆ. ಈ ಜಗಳ ಮಾತ್ರ ಮಲಗಿ ಎದ್ದ ಮೇಲೂ ಮುಂದುವರಿಯುತ್ತಿತ್ತೆಂದು ಪಕ್ಕದ ಮನೆಯವರೆಲ್ಲ ಹೇಳಿಕೆ ಕೊಟ್ಟಿದ್ದರು.

"ಆಕಾಶಕ್ಕೆ ಯಾರಪ್ಪ ಮುಚ್ಚಳ ಹಾಕ್ತಾರೆ?" ಎಂದು ಕೇಳಿದಳು ಅವಳು.

"ನಾವೇ," ಎಂದ ಮೋಡಪ್ಪ.

ಈ ಕಚೇರಿಯಲ್ಲಿ ಯಾರಿಗೂ ಸ್ವಂತ ಹೆಸರಿದ್ದಂತಿರಲಿಲ್ಲ. ಮೋಡಗಳ ಲೆಕ್ಕ ನೋಡುವವನು ಮೋಡಪ್ಪ. ಸಮುದ್ರ ನೋಡುವ ದಪ್ಪ ಹೆಂಗಸು ಉಪ್ಪಮ್ಮ. ಎಲ್ಲಕ್ಕಿಂತ ಮೇಲಿನ ಗಾಳಿ ನೋಡುತ್ತಿದ್ದವಳು ಗಾಳಿಯಕ್ಕ. ಕಚೇರಿಯ ಮುಖ್ಯಸ್ಥರು ಮಾತ್ರ ಏನನ್ನೂ ನೋಡುತ್ತಿರಲಿಲ್ಲವಾದ್ದರಿಂದ ಅವರನ್ನು ಬರೀ ದೊಡ್ಡವರು ಅನ್ನುತ್ತಿದ್ದರು. ಇದು ಮೋಡಪ್ಪನೇ ಹೇಳಿದ ಜೋಕು.

"ನೋಡಿ ಮೇಡಂ. ಭೂಮಿ ಸುತ್ತ ಇರೋ ಗಾಳಿನ ನಾವು ಡಬ್ಬ ಡಬ್ಬ ಮಾಡಿ ಒಂದರ ಮೇಲೊಂದು ಪೇರಿಸ್ತೀವಿ. ಕಂಪ್ಯೂಟರ್ ಒಳಗೆ. ಈ ಡಬ್ಬದಲ್ಲಿ ಬಿಸಿ ಎಷ್ಟು, ತೇವ ಎಷ್ಟು, ಗಾಳಿ ಯಾವ ಕಡೆಗೆ. ಪಕ್ಕದ ಡಬ್ಬಕ್ಕೆ ಎಷ್ಟು ದಾಟಿತು. ಹೀಗೆ ಲೆಕ್ಕ ಹಾಕ್ತಾ ಹಾಕ್ತಾ ಮೊಮ್ಮಕ್ಕಳ ಕಾಲಕ್ಕೆ ಸೆಕೆ ಎಷ್ಟಿರುತ್ತೆ ಅಂತ ಹೇಳೋದು ನಮ್ಮ ಹೊಟ್ಟೆಪಾಡು."

"ಸರಿ."

"ನಿಜವಾದ ಆಕಾಶ ಮೇಲೆ ಹೋದ ಹಾಗೆ ತೆಳ್ಳಗಾಗ್ತಾ ಆಗ್ತಾ ಎಲ್ಲೋ ಇಲ್ಲವಾಗುತ್ತೆ. ನಮ್ಮದಕ್ಕೆ ಆ ಭಾಗ್ಯ ಇಲ್ಲ. ಎಲ್ಲೋ ಒಂದು ಕಡೆ ಸಾಕು ಅನ್ಬೇಕು. ಅಲ್ಲಿಗೆ ಕೊನೇ ಡಬ್ಬ. ಅದರ ಮೇಲೆ ಏನೂ ಇಲ್ಲ. ಅದನ್ನೇ ಗಾಳಿಯಕ್ಕ ಮುಚ್ಚಳ ಅನ್ನೋಳು."

"ಅದನ್ನ ಏರಿಸೋದು ಇಳಿಸೋದು ಉಂಟಾ?"

"ಉಂಟು. ಎತ್ತರಕ್ಕಿಟ್ಟರೆ ಲೆಕ್ಕ ಚೆನ್ನಾಗಿ ಬರುತ್ತೆ, ಯಂತ್ರ ತಿಂಗಳುಗಟ್ಟಲೆ ಒದ್ದಾಡುತ್ತೆ. ಇಳಿಸಿದರೆ ಡಬ್ಬ ಕಡಿಮೆ, ಬೇಗ ಮುಗಿಯುತ್ತೆ."

ಇಳಿಸಿದರೆ.

ಅವಳಿಗೆ ತನ್ನ ಮೇಲೇ ಸಿಟ್ಟು ಬಂತು. ಸಿಟ್ಟು ಮಾಡಿಕೊಳ್ಳಲೂ ತ್ರಾಣವಿರಲಿಲ್ಲ. ಬಂದ ದಾರಿಯಲ್ಲೇ ಅದು ಹೋಯಿತು. ತೊಟ್ಟಿಯ ಮುಚ್ಚಳವನ್ನು ಹಾಕುತ್ತಾರೆ, ಮುಚ್ಚುತ್ತಾರೆ, ಸರಿಸುತ್ತಾರೆ, ತೆಗೆಯುತ್ತಾರೆ. ಇಳಿಸುವುದು ಒಲೆಯ ಮೇಲಿನ ಪಾತ್ರೆಯನ್ನು, ತಲೆಯ ಮೇಲಿನ ಹೊರೆಯನ್ನು. ಮದುವೆಯಾದಾಗಿನಿಂದ ಒಲೆಯ ಮುಂದೆ ನಿಂತವಳು ತಾನು. ಠಾಣೆಯ ಗಂಡಸರಿಗೆ ಹೊಳೆಯದಿದ್ದರೆ ಹೋಗಲಿ, ತನ್ನ ಕಿವಿಗಾದರೂ ಆ ಮಾತು ಅನ್ನದೊಳಗಿನ ಕಲ್ಲಿನಂತೆ ಸಿಗಬೇಕಿತ್ತು.

ಇನ್ನೊಂದು ಕಲ್ಲೂ ಇತ್ತು. ಗಾಳಿಯಕ್ಕ ಗಂಡನನ್ನು 'ಇವರು' ಎಂದೇ ಅನ್ನುತ್ತಿದ್ದಳಂತೆ, ಜಗಳದಲ್ಲೂ. ಸಂದೇಶದಲ್ಲಿದ್ದದ್ದು 'ಅವನು'. ಸಿಟ್ಟು ಬಂದ ಹೆಂಡತಿಯ ಬಾಯಲ್ಲಿ 'ಇವರು' 'ಅವನು' ಆಗಲು ಎಷ್ಟು ಹೊತ್ತು ಬೇಕು ಎಂದು ಠಾಣೆಯ ಸಾಹೇಬರು ನಕ್ಕಿದ್ದರು. ಅವಳೂ ತನ್ನ ಮನೆಯ ಅನುಭವ ನೆನೆದು ಸುಮ್ಮನಾಗಿದ್ದಳು.

"ಈಗೇನಾಗಿದೆ ಮುಚ್ಚಳದ ಹತ್ತಿರ?" ಎಂದಳು.

ಮೋಡಪ್ಪ ಪರದೆಯನ್ನು ಅವಳ ಕಡೆಗೆ ತಿರುಗಿಸಿದ. ಕೆಳಗೆ ನೀಲಿ, ನಡುವೆ ಹಳದಿ. ಮೇಲ್ತುದಿಯಲ್ಲಿ ಮಾತ್ರ ಅಡ್ಡಡ್ಡ ಪಟ್ಟೆಗಳು, ಒದ್ದೆಯಾಗಿದ್ದಾಗಲೇ ಮಡಚಿಟ್ಟು ಸುಕ್ಕುಗಟ್ಟಿದ ಬಟ್ಟೆಯ ಹಾಗೆ.

"ಬೆಟ್ಟಕ್ಕೆ ಗಾಳಿ ಬಡಿದರೆ ಗಾಳಿಯಲ್ಲೇ ಅಲೆ ಏಳುತ್ತೆ ಮೇಡಂ. ಆ ಅಲೆ ಮೇಲೆ ಹೋದ ಹಾಗೆಲ್ಲ ದೊಡ್ಡದಾಗುತ್ತೆ. ಅಲ್ಲಿ ಗಾಳಿ ತೆಳು, ತಡೆಯೋರಿಲ್ಲ. ಕೊನೆಗೆ ದಡಕ್ಕೆ ಬಡಿದ ಹಾಗೆ ಒಡೆದು, ಮೇಲಿನ ಗಾಳಿನೇ ನಿಧಾನ ಮಾಡುತ್ತೆ. ಮೇಲೆ ಗಾಳಿ ತಿರುಗಿಬಿದ್ದರೆ ವಾರ ಕಳೆದು ಕೆಳಗೆ ನಮ್ಮ ಚಳಿನೇ ಬದಲಾಗುತ್ತೆ. ಅಷ್ಟು ಸಣ್ಣ ಅಲೆ ನಮ್ಮ ಡಬ್ಬಕ್ಕೆ ಸಿಗಲ್ಲ, ಅಂದಾಜಲ್ಲಿ ಸೇರಿಸಬೇಕು. ಗಾಳಿಯಕ್ಕ ಜೀವಮಾನವೆಲ್ಲ ಮಾಡಿದ್ದು ಆ ಅಂದಾಜು."

"ಪಟ್ಟೆ?"

"ಡಬ್ಬಕ್ಕೆ ಸಿಗೋವಷ್ಟು ದೊಡ್ಡ ಅಲೆನೂ ಇರ್ತಾವಲ್ಲ, ಅವು ಮುಚ್ಚಳಕ್ಕೆ ಬಡಿದು ವಾಪಸ್ ಬರ್ತಿವೆ. ನಿಜವಾದ ಆಕಾಶದಲ್ಲಿ ಹಾಗಾಗಲ್ಲ, ಬಡಿಯೋಕೆ ಅಲ್ಲಿ ಏನಿದೆ? ಅದಕ್ಕೇ ಮುಚ್ಚಳದ ಕೆಳಗೆ ಒಂದಷ್ಟು ಪದರ ಸ್ಪಂಜು ಇಡ್ತೀವಿ. ಲೆಕ್ಕದ ಸ್ಪಂಜು. ಮೇಲೆ ಬಂದ ಅಲೆನೆಲ್ಲ ಅದು ಸುಮ್ಮನೆ ಹೀರಿಕೊಳ್ಳಬೇಕು. ಸದ್ದು ಮಾಡಬಾರದು, ತಿರುಗಿಸಿ ಕಳಿಸಬಾರದು."

ಅವಳಿಗೆ ನಗು ಬಂತು. ಅತ್ತೆಯ ಗೊಣಗಾಟ, ಗಂಡನ ಆಫೀಸಿನ ಸಿಡುಕು, ಮಗಳು ದಡಾರನೆ ಹಾಕಿಕೊಳ್ಳುವ ಬಾಗಿಲು ಎಲ್ಲ ಅವಳವರೆಗೆ ಬಂದು ತಣ್ಣಗಾಗುತ್ತಿದ್ದವು. ಇಷ್ಟು ವರ್ಷ ಮಾಡಿದ ಆ ಕೆಲಸಕ್ಕೆ ಒಂದು ಹೆಸರಿದೆ ಎಂದು ಯಾರೂ ಹೇಳಿರಲಿಲ್ಲ.

"ಯಾಕೆ ನಗ್ತೀರಿ ಮೇಡಂ?"

"ಏನಿಲ್ಲಪ್ಪ. ಈ ಸ್ಪಂಜಿಗೆ ಏನಾಗಿದೆ ಈಗ? ಸಾಕಾಯ್ತಂತಾ?"

"ಅದು ಅಲ್ಲಿ ಇಲ್ಲವೇ ಇಲ್ಲ. ಯಾರೋ ಮುಚ್ಚಳನ ಅರ್ಧಕ್ಕರ್ಧ ಇಳಿಸಿದ್ದಾರೆ. ಸ್ಪಂಜು ಮೊದಲಿನ ಎತ್ತರದಲ್ಲೇ ಉಳಿದುಬಿಟ್ಟಿದೆ, ಅಂದರೆ ಮುಚ್ಚಳದ ಆಚೆ. ಮನೆ ಚಾವಣಿನ ಕೆಳಗಿಳಿಸಿ, ಜಂತಿಗೆ ಕಟ್ಟಿದ ತೊಟ್ಟಿಲನ್ನ ಮೇಲೇ ಮರೆತ ಹಾಗೆ. ಅದನ್ನ ನೆಲದಿಂದ ಮೇಲಕ್ಕೆ ಅಳೆದು ಬರೆದಿದ್ದಾರೆ ನೋಡಿ. ಮುಚ್ಚಳದಿಂದ ಕೆಳಕ್ಕೆ ಅಳೀಬೇಕಿತ್ತು."

"ಬರೆದೋರು ಯಾರು?"

"ಸ್ಪಂಜಿ ಅಂತ ಒಬ್ಬಳಿದ್ದಳಂತೆ. ನಾನು ಸೇರೋ ಮುಂಚೇನೇ ಬಿಟ್ಟು ಹೋದಳು. ನಾನು ನೋಡಿಲ್ಲ."

"ಮುಚ್ಚಳ ಇಳಿಸು ಅಂತ ಹೇಳೋ ಅಧಿಕಾರ ಇರೋದು ಯಾರಿಗೆ?"

ಮೋಡಪ್ಪ ಕಾರಿಡಾರಿನ ತುದಿಯ ಗಾಜಿನ ಬಾಗಿಲ ಕಡೆ ಒಮ್ಮೆ ನೋಡಿ, ಮತ್ತೆ ತನ್ನ ಮೋಡಗಳಿಗೆ ತಿರುಗಿಕೊಂಡ.

*

ದೊಡ್ಡವರು ಎದ್ದು ನಿಂತು ಕುರ್ಚಿ ತೋರಿಸಿದರು. ತಲೆಗೂದಲಿಗೆ ಬಣ್ಣ ಹಚ್ಚುವುದನ್ನು ಇತ್ತೀಚೆಗೆ ಬಿಟ್ಟಿದ್ದರೆಂದು ಕಾಣುತ್ತದೆ. ಬುಡದಲ್ಲಿ ಬಿಳಿ, ತುದಿಯಲ್ಲಿ ಕಂದು. ಮೇಜಿನ ಮೇಲೆ ಚಹಾದ ಲೋಟ ಕೆನೆಗಟ್ಟಿ ಕೂತಿತ್ತು.

"ಸಾಮಾನೆಲ್ಲ ಸಿಕ್ಕಿತಾ ಮೇಡಂ?"

"ಸಿಕ್ಕಿತು. ಒಂದು ಮುಚ್ಚಳನೂ ಸಿಕ್ಕಿತು."

ಅವರು ಅವಳ ಮುಖ ನೋಡಿದರು. ಆಮೇಲೆ ನಿಧಾನಕ್ಕೆ ಕೂತರು.

"ಮೋಡಪ್ಪ ಹೇಳಿದನಾ?"

"ಯಾರು ಹೇಳಿದರೇನು. ಇಳಿಸಿದ್ದು ನೀವು ತಾನೆ?"

"ಇಳಿಸಿದ್ದಲ್ಲ, ಇಳಿಸಿಸಿದ್ದು," ಎಂದರು ದೊಡ್ಡವರು. "ಯಂತ್ರದ ಮುಂದೆ ನಾನು ಕೂತು ಯಾವ ಕಾಲವಾಯ್ತೋ. ನನಗೆ ಕೊಟ್ಟರೆ ಅದನ್ನ ಆನ್ ಮಾಡೋಕೂ ಯಾರನ್ನಾದ್ರೂ ಕರೀತೀನಿ."

"ಗಾಳಿಯಕ್ಕನಿಗೆ ಹೇಳ್ದೆ."

"ಹೇಳಿದ್ದರೆ ಬಿಡ್ತಿದ್ದಳಾ? ಮುಚ್ಚಳ ಇಳಿಸೋದೂ ಒಂದೇ, ಹುಟ್ಟಿದ ಮಗು ತಲೆ ಮೇಲೆ ಕೈಯಿಟ್ಟು ಬೆಳೀಬೇಡ ಅನ್ನೋದೂ ಒಂದೇ ಅಂತ ಉಪನ್ಯಾಸ ಕೊಡೋಳು. ನನಗೆ ವರದಿ ಕೊಡೋ ದಿನ ಹತ್ತಿರ ಬಂದಿತ್ತು. ಮೇಲಿನೋರು ದಿನಕ್ಕೊಂದು ಸಲ ಕೇಳ್ತಿದ್ದರು. ಮೊದಲೆಲ್ಲ ಅಷ್ಟೆತ್ತರಕ್ಕೆ ಯಾರು ಹೋಗ್ತಿದ್ದರು ಹೇಳಿ? ತಗ್ಗು ಮುಚ್ಚಳದಲ್ಲೇ ಲೆಕ್ಕ ಹಾಕ್ತಿರಲಿಲ್ವಾ?"

"ಅವಳಿಗೆ ಗೊತ್ತಾಯ್ತು."

"ಪಟ್ಟೆ ನೋಡಿದ ತಕ್ಷಣ. ಬೆಳಿಗ್ಗೆನೇ ಫೋನ್ ಮಾಡಿದಳು. ನಾನು ಸಭೆಯಲ್ಲಿದ್ದೆ, ಅದನ್ನ ನಿಮ್ಮೋರೇ ವಿಚಾರಿಸಿದ್ದಾರೆ. ಇದು ಮುಗಿದ ಮೇಲೆ ಬಾ, ಕೂತು ಮಾತಾಡೋಣ ಅಂದೆ. ಬರ್ತೀನಿ ಅಂದಳು." ಲೋಟವನ್ನು ಒಂದಿಷ್ಟು ಆಚೆ ಸರಿಸಿದರು. "ಬರಲಿಲ್ಲ. ಕಾಯ್ತಾ ಕೂತೆ. ಬೈಸಿಕೊಳ್ಳೋಕೆ ಸಿದ್ಧವಾಗಿ ಕೂತಿದ್ದೆ ಅಂದರೆ ನಂಬ್ತೀರಾ?"

ಸಭೆಯ ವಿಷಯ ನಿಜ. ಇಡೀ ಸಭಾಂಗಣವೇ ಸಾಕ್ಷಿಯಾಗಿತ್ತು.

"ನೀವು ಬಾಯಿ ಮುಚ್ಚಿಕೊಂಡು ಕೂತಿದ್ದಕ್ಕೆ ಅಲ್ಲೊಬ್ಬ ಕಟ್ಟು ಹಾಕೋನು ಲಾಕಪ್ಪಿನಲ್ಲಿ ಗೋಡೆ ನೋಡ್ತಾ ಕೂತಿದ್ದಾನೆ ಸರ್."

"ನೀವು ಮುಚ್ಚಳದ ವಿಷಯ ಕೇಳಲೇ ಇಲ್ವಲ್ಲ. ಆ ಸಂದೇಶ ನಾನು ಕೇಳಿಲ್ಲ, ಯಾರೂ ಕೇಳಿಸಿಲ್ಲ. ಗಂಡನೇ ಅಂತ ನೀವಂದಿರಿ, ಇರಬೇಕು ಅಂತ ನಾವಂದ್ಕೊಂಡ್ವಿ. ಎಲ್ಲರ ಮನೆ ದೋಸೆನೂ ತೂತೇ."

ಅವಳು ಹೊರಗೆ ನೋಡಿದಳು. ಕಿಟಕಿಯಾಚೆ ಮಧ್ಯಾಹ್ನದ ಬಿಸಿಲು ವಾಹನಗಳ ತಗಡಿನ ಮೇಲೆ ಬಿದ್ದು ಕಣ್ಣಿಗೆ ಚುಚ್ಚುತ್ತಿತ್ತು. ಇಲ್ಲಿಂದ ಎದ್ದು ಮನೆಗೆ ಹೋಗಿ ಮುಖ ತೊಳೆದುಕೊಂಡು ಮಲಗಿಬಿಟ್ಟರೆ ಲೋಕದಲ್ಲಿ ಯಾರೂ ಅವಳದು ತಪ್ಪು ಅನ್ನುತ್ತಿರಲಿಲ್ಲ. ಸಾಹೇಬರಂತೂ ಸಂತೋಷಪಡುತ್ತಿದ್ದರು.

"ನಿಮ್ಮ ಮಾತು ಕೇಳಿ ಇಳಿಸಿಕೊಟ್ಟೋರು ಯಾರು? ಮೋಡಪ್ಪನಾ?"

"ಅವನಿಗೆಲ್ಲಿ ಬರುತ್ತೆ. ಹೊರಗಿನೋರ ಕೈಲಿ ಮಾಡಿಸಿದೆ. ಹಿಂದೆ ಇಲ್ಲೇ ಇದ್ದವಳು. ಮನೆಯಿಂದಲೇ ಕೂತು ಮಾಡಿಕೊಟ್ಟಳು. ಸ್ಪಂಜು ಅವಳದೇ ಕೈಬರಹ, ಅವಳಿಗಿಂತ ಬೇಕಾ?"

"ಸ್ಪಂಜಿ."

"ಹಾಂ. ನಿಮಗೆ ಆ ಹೆಸರೂ ಗೊತ್ತಾ." ದೊಡ್ಡವರ ಮುಖದಲ್ಲಿ ಮೊದಲ ಸಲ ಒಂದಿಷ್ಟು ಜೀವ ಬಂತು. "ಜಾಣೆ ಮೇಡಂ. ಇಲ್ಲೇ ಇದ್ದಿದ್ದರೆ ಇಷ್ಟೊತ್ತಿಗೆ ಈ ಕುರ್ಚಿಯಲ್ಲಿ ಅವಳು ಇರೋಳು. ಒಂದೇ ಮನೆಯೋರು ಒಂದೇ ಕಡೆ ಬೇಡ, ನಾಲ್ಕು ಜನ ನಾಲ್ಕು ಮಾತಾಡ್ತಾರೆ ಅಂತ ಗಾಳಿಯಕ್ಕನೇ ಹಠ ಹಿಡಿದು ಬಿಡಿಸಿದಳು. ಈಗ ಯಾವುದೋ ಹಲ್ಲಿನ ಡಾಕ್ಟರ ಹತ್ತಿರ ಬಾಗಿಲಲ್ಲಿ ಕೂತು ಚೀಟಿ ಹರಿದು ಕೊಡ್ತಾಳೆ. ಇದನ್ನ ಮಾಡಿಕೊಡು, ವಾಪಸ್ ತಗೋತೀನಿ ಅಂದಿದ್ದೆ."

ಅವಳ ಮಡಿಲಿನಿಂದ ಸ್ವೆಟರು ಜಾರಿತು. ಅದನ್ನು ಇನ್ನೂ ಹಿಡಿದುಕೊಂಡೇ ಬಂದಿದ್ದಳೆಂದು ಅವಳಿಗೆ ಆಗಲೇ ಗೊತ್ತಾದದ್ದು.

ಹಲ್ಲಿನ ಡಾಕ್ಟರ ಬಾಗಿಲಲ್ಲಿ ಕೂರುವವಳು. ಅಕ್ಕನ ಆಫೀಸಿನ ಕೆಲಸ ನನಗೆ ತಲೆಬುಡ ತಿಳಿಯಲ್ಲ ಮೇಡಂ ಎಂದವಳು. ತೊಟ್ಟಿದೇ ಇರಬೇಕು ಎಂದವಳು.

"ಒಂದೇ ಮನೆಯೋರು ಅಂದರೆ..."

"ಗಾಳಿಯಕ್ಕನ ತಂಗಿ ಅಲ್ವಾ," ಎಂದರು ದೊಡ್ಡವರು. "ಅಕ್ಕನಿಗೆ ಗೊತ್ತಾಗಬಾರದು, ಅದೊಂದೇ ಅವಳ ಷರತ್ತು. ಅಕ್ಕ ಬಂದು ಕೇಳಿದ್ದರೆ ಮಾತ್ರ ನಾನು ಮುಚ್ಚಿಡ್ತಿರಲಿಲ್ಲ ಮೇಡಂ. ನನ್ನ ತಲೆ ಮೇಲೆ ಯಾಕೆ ಹಾಕಿಕೊಳ್ಳಲಿ? ಇಳಿಸಿದ್ದು ನಿನ್ನ ತಂಗೀನೇ ಅಂದುಬಿಡ್ತಿದ್ದೆ."

*

ಠಾಣೆಗೆ ಬರುವ ದಾರಿಯಲ್ಲಿ ಅತ್ತೆಯ ಫೋನು ಬಂತು. ಅವಳು ತೆಗೆಯಲಿಲ್ಲ. ಮತ್ತೆ ಬಂತು. ತೆಗೆದಳು.

"ಸಂಜೆ ಬೇಗ ಬರ್ತೀನಿ ಅಂದಿದ್ದೆಯಲ್ಲಮ್ಮ."

"ಅಂದಿದ್ದೆ ಅತ್ತೆ."

"ಬರಲ್ಲ ಅಂತ ಈಗಲೇ ಹೇಳಿಬಿಡು. ಕಾದು ಕೂತರೆ ನನಗೆ ಎದೆ ಉರಿಯುತ್ತೆ."

"ಬರಲ್ಲ," ಎಂದಳು. ಆಚೆಯಿಂದ ಒಂದು ನಿಟ್ಟುಸಿರು ಬಂತು. ಇವಳು ಅದನ್ನೂ ಒಳಗೆ ಎಳೆದುಕೊಂಡಳು.

ತಂಗಿ ಠಾಣೆಯ ಒಳಗಿನ ಹಾದಿಯಲ್ಲಿ ಬೆಂಚಿನ ಮೇಲೆ ಕೂತಿದ್ದಳು. ಭಾವನಿಗೆಂದು ತಂದ ಬಟ್ಟೆಯ ಚೀಲ ಪಕ್ಕದಲ್ಲಿತ್ತು. ಅಕ್ಕನನ್ನು ಕೊಂದವನಿಗೆ ಒಗೆದು ಮಡಚಿದ ಅಂಗಿ ತರುವ ನಾದಿನಿಯನ್ನು ಕಂಡು ಠಾಣೆಯವರೆಲ್ಲ ಮರುಗಿದ್ದರು. ಎಷ್ಟು ದೊಡ್ಡ ಮನಸ್ಸು, ನೋಡಿ ಕಲೀಬೇಕು ಎಂದು ದಫೇದಾರರು ತಮ್ಮ ಹೆಂಡತಿಗೂ ಹೇಳಿ ಬೈಸಿಕೊಂಡಿದ್ದರಂತೆ.

ಇನ್ಸ್‌ಪೆಕ್ಟರಮ್ಮ ಎದುರು ನಿಲ್ಲಲಿಲ್ಲ. ಹೋಗಿ ಪಕ್ಕದಲ್ಲೇ ಕೂತಳು. ಇಬ್ಬರೂ ಎದುರಿನ ಗೋಡೆಯ ಸುಣ್ಣ ನೋಡಿದರು.

"ಊಟ ಆಯ್ತಾ?"

"ಸೇರಲ್ಲ ಮೇಡಂ."

"ನನಗೂ." ಏನೋ ಮನೆವಾರ್ತೆ ವಿಚಾರಿಸುವ ದನಿಯಲ್ಲಿ ಕೇಳಿದಳು, "ಅಲ್ಲಮ್ಮ, ಮುಚ್ಚಳ ಇಳಿಸಿದಾಗ ಸ್ಪಂಜನ್ನೂ ಜೊತೆಗೆ ಇಳಿಸಬೇಕಂತಲ್ಲ. ಅದನ್ನ ಯಾಕೆ ಮರೆತಿದ್ದು?"

"ಮರೆಯೋದೇನು, ಅದು ತಾನಾಗೇ ಇಳಿಯುತ್ತೆ. ಮುಚ್ಚಳದಿಂದ ಕೆಳಕ್ಕೆ ಅಳೆದೇ ಬರ್ದಿ..."

ಮಾತು ಅಲ್ಲಿಗೆ ನಿಂತಿತು.

ಬಾಗಿಲಾಚೆ ಯಾರೋ ಕುರ್ಚಿ ಎಳೆದರು. ತಂಗಿಯ ಕೈ ಚೀಲದ ಹಿಡಿಯ ಮೇಲಿತ್ತು, ಅಲುಗಲಿಲ್ಲ.

"ಇಳಿದಿಲ್ಲ," ಎಂದಳು ಇನ್ಸ್‌ಪೆಕ್ಟರಮ್ಮ ಮೆಲ್ಲಗೆ. "ನೆಲದಿಂದ ಅಳೆದಿದೆಯಂತೆ. ಮೇಲೆಲ್ಲ ಪಟ್ಟೆ ಪಟ್ಟೆ. ನಾನೇ ನೋಡಿ ಬಂದೆ."

ತಂಗಿ ತಿರುಗಿ ನೋಡಿದಳು. ಎಷ್ಟೋ ಕಳ್ಳರ, ಕೊಲೆಗಾರರ ಮುಖ ಬಣ್ಣಗೆಟ್ಟದ್ದನ್ನು ಇನ್ಸ್‌ಪೆಕ್ಟರಮ್ಮ ಕಂಡಿದ್ದಳು. ಇದು ಆ ಮುಖವಲ್ಲ. ಹಗಲಿರುಳು ಕೂತು ಹೊಲಿದ ಬಟ್ಟೆ ಮೊದಲ ಸಲ ತೊಟ್ಟಾಗಲೇ ಹೊಲಿಗೆ ಬಿಟ್ಟುಕೊಂಡರೆ ಹೆಂಗಸೊಬ್ಬಳ ಮುಖ ಹೀಗಾಗುತ್ತದೆ. ಪಟ್ಟೆಯ ವಿಷಯ ಇವಳಿಗೆ ಈ ಗಳಿಗೆಯವರೆಗೂ ಗೊತ್ತಿರಲಿಲ್ಲ. ಮುಚ್ಚಳದ ವಿಷಯಕ್ಕೇ ತಾರಸಿಯ ಮೇಲೆ ಅಕ್ಕ ತಂಗಿಗೆ ಮಾತು ಬೆಳೆದಿರಬೇಕೆಂದು ಇನ್ಸ್‌ಪೆಕ್ಟರಮ್ಮ ಲೆಕ್ಕ ಹಾಕಿ ಬಂದಿದ್ದಳು. ಹಾಗಿದ್ದರೆ ಆ ಬೆಳಿಗ್ಗೆ ಅವರಿಬ್ಬರೂ ಎದುರಾಗಿ ಮಾತಾಡಿಯೇ ಇಲ್ಲವೇ?

"ನೆಲದಿಂದಲಾ?" ಎಂದಳು ತಂಗಿ, ದನಿಯೇ ಇಲ್ಲದೆ.

ಒಳಬಾಗಿಲು ತೆರೆಯಿತು. ದಫೇದಾರರು ಹೊರಗೆ ಬಂದು, ಇಬ್ಬರನ್ನೂ ಒಟ್ಟಿಗೆ ಕಂಡು ತಡವರಿಸಿದರು.

"ಮೇಡಂ, ನಿಮಗೆ ಫೋನ್ ಮಾಡೋಣ ಅಂತಿದ್ದೆ. ಒಪ್ಪಿಕೊಂಡುಬಿಟ್ಟರು."

"ಯಾರು?"

"ಕಟ್ಟು ಹಾಕೋರು. ಇಷ್ಟು ದಿನ ಕಲ್ಲಿನ ಹಾಗೆ ಕೂತಿದ್ದೋರು, ಈಗ ತಾವಾಗಿ ಸಾಹೇಬರನ್ನ ಕರೆಸಿ, ನಾನೇ ಕೊಂದೆ ಅಂದರು. ಯಾರೂ ಮೈ ಮುಟ್ಟಿಲ್ಲ ಮೇಡಂ, ನನ್ನ ಮಕ್ಕಳಾಣೆ. ಸಾಹೇಬರು ಸಿಹಿ ತರೋಕೆ ಕಳಿಸಿದ್ದಾರೆ."

ಅವಳು ಕೂತಲ್ಲಿಂದಲೇ ಒಳಬಾಗಿಲ ಕಡೆ ನೋಡಿದಳು. ನಿರಪರಾಧಿ ಎಂದು ಈಗಷ್ಟೇ ಖಾತ್ರಿಯಾದ ಮನುಷ್ಯ, ಬಾಗಿಲು ತೆಗೆಯಲು ಅವಳು ಬೀಗದ ಕೈ ಹಿಡಿದು ಬರುವಷ್ಟರಲ್ಲಿ, ಒಳಗಿನಿಂದ ಅಗುಳಿ ಹಾಕಿಕೊಂಡಿದ್ದ.

ಪಕ್ಕದಲ್ಲಿ ತಂಗಿ ಅಳುತ್ತಿರಲಿಲ್ಲ. ಬಟ್ಟೆಯ ಚೀಲವನ್ನು ಎದೆಗವಚಿಕೊಂಡು, ಮೊದಲಿನ ಹಾಗೆಯೇ ಗೋಡೆಯ ಸುಣ್ಣ ನೋಡುತ್ತ, ಇವಳಿಗಷ್ಟೇ ಕೇಳುವಂತೆ ಹೇಳಿದಳು:

"ಒಪ್ಪಿಕೋಬೇಡಿ ಅಂದಿದ್ದೆ ಮೇಡಂ. ಇವತ್ತು ಬೆಳಿಗ್ಗೆ ಕೂಡ ಭಾವನಿಗೆ ಕೈಮುಗಿದು ಹೇಳಿದ್ದೆ, ನನಗೋಸ್ಕರ ಬೇಡ ಅಂತ."